ಎಷ್ಟು ಎಚ್‌ಪಿ ಅನ್ನೋದು ಆಮೇಲೆ, ಎಷ್ಟು ಅಡಿ ಅನ್ನೋದು ಮೊದಲು



ಈಗ ನಮ್ಮ ಕಡೆ ನಾಲ್ಕು ಜನ ಸೇರಿದಲ್ಲೆಲ್ಲ ಒಂದೇ ಮಾತು. ಸೋಲಾರ್ ಪಂಪ್ ಹಾಕಿಸೋದಾ, ಇರೋ ಕರೆಂಟಲ್ಲೇ ತಳ್ಳೋದಾ, ಇಲ್ಲ ಒಂದು ಡೀಸೆಲ್ ಜನರೇಟರ್ ತಂದು ಇಟ್ಟುಕೊಳ್ಳೋದಾ. ಕುಸುಮ್ ಬಿ ಯೋಜನೆಯಲ್ಲಿ ನೂರಕ್ಕೆ 30 ಕೇಂದ್ರದ್ದು, 50 ರಾಜ್ಯದ್ದು, ನಮ್ಮದು 20 ಅಂದಮೇಲೆ ಯಾರಿಗೆ ಆಸೆ ಆಗಲ್ಲ ಹೇಳಿ. ಆಮೇಲೆ ಬರೋ ಪ್ರಶ್ನೆನೂ ಒಂದೇ. "ಅಣ್ಣಾ, 5 ಎಚ್‌ಪಿ ಸಾಕಾ, ಏಳೂವರೆ ಹಾಕಿಸ್ಲಾ?"

ನನ್ನ ಪ್ರಕಾರ ಈ ಪ್ರಶ್ನೆನೇ ತಿರುಗುಮುರುಗು. ಎಚ್‌ಪಿ ಕೇಳೋಕೆ ಮುಂಚೆ ಎಷ್ಟು ಅಡಿಯಿಂದ ಎಷ್ಟು ಲೀಟರ್ ಎತ್ತಬೇಕು ಅಂತ ಲೆಕ್ಕ ಹಾಕಬೇಕು. ನಾನು ಓದಿರೋದು ಎಸ್ಸೆಸ್ಸೆಲ್ಸಿ. ಇದಕ್ಕೆ ಅಷ್ಟೂ ಬೇಡ, ಏಳನೇ ಕ್ಲಾಸಿನ ಗುಣಾಕಾರ ಭಾಗಾಕಾರ ಬಂದರೆ ಸಾಕು.

ಮೊದಲು ಎಚ್‌ಪಿ ಬೇರೆ, ಯೂನಿಟ್ ಬೇರೆ ಅನ್ನೋದು ತಲೆಗೆ ಹೋಗಬೇಕು. ಎಚ್‌ಪಿ ಅಂದ್ರೆ ಎತ್ತಿನ ಜೋಡಿಯ ಬಲ ಇದ್ದಂಗೆ. ಯೂನಿಟ್ ಅಂದ್ರೆ ಆ ಜೋಡಿ ಸಾಯಂಕಾಲದ ಹೊತ್ತಿಗೆ ಎಷ್ಟು ಉತ್ತಿದೆ ಅನ್ನೋ ಲೆಕ್ಕ. 1 ಎಚ್‌ಪಿಗೆ 746 ವ್ಯಾಟ್. 5 ಎಚ್‌ಪಿಗೆ 3,730 ವ್ಯಾಟ್. ಇದು ಮೋಟರ್ ಹೊರಗೆ ಕೊಡೋ ಬಲ. ಒಳಗೆ ಬಿಸಿಯಾಗಿ ಹಾಳಾಗೋದನ್ನೂ ಸೇರಿಸಿದರೆ ಬೋರಿನ ಮೋಟರ್ ಗಂಟೆಗೆ 5 ಯೂನಿಟ್ ಹತ್ತಿರ ಎಳೆಯುತ್ತೆ. ತ್ರೀ ಫೇಸ್ 7 ಗಂಟೆ ಕೊಟ್ಟರು ಅಂತ ಇಟ್ಟುಕೊಂಡರೆ ದಿನಕ್ಕೆ 35 ಯೂನಿಟ್.

ಇನ್ನು ನೀರಿನ ಲೆಕ್ಕ. ಎಲ್ಲೂ ಏನೂ ಹಾಳಾಗದೆ ಇದ್ದರೆ 1 ಯೂನಿಟ್ ಕರೆಂಟು 1000 ಲೀಟರ್ ನೀರನ್ನ 1200 ಅಡಿ ಎತ್ತಬಹುದು. ನಮ್ಮ ಬೋರಲ್ಲಿ ಅದರ ಮೂರರಲ್ಲೊಂದು ಭಾಗ ಕೆಲಸ ಆದರೆ ದೊಡ್ಡದು. ಮೋಟರ್ ಬಿಸಿ, ಪಂಪಿನ ಸವೆತ, ಪೈಪಿನ ಉಜ್ಜಾಟ, ಕೇಬಲ್, ಎಲ್ಲ ಸೇರಿ ಉಳಿದದ್ದು ತಿಂದುಹಾಕುತ್ತೆ. ಹಾಗಾಗಿ ನಾನು ಇಟ್ಟುಕೊಂಡಿರೋ ಸೂತ್ರ ಇದು: 400 ಅಡಿಯಿಂದ 1000 ಲೀಟರ್ ಎತ್ತೋಕೆ 1 ಯೂನಿಟ್. ಹೊಸ ಸ್ಟಾರ್ ಪಂಪ್ ಆದರೆ ಇನ್ನೂ ಸ್ವಲ್ಪ ಚೆನ್ನಾಗಿ ಕೊಡುತ್ತೆ, ಸವೆದ ಪಂಪ್ ಇನ್ನೂ ಕಡಿಮೆ ಕೊಡುತ್ತೆ.

ಇಲ್ಲಿ ಅಡಿ ಅಂದ್ರೆ ಬೋರಿನ ಆಳ ಅಲ್ಲ, ಮೋಟರ್ ಇಳಿಬಿಟ್ಟಿರೋ ಆಳನೂ ಅಲ್ಲ. ಪಂಪ್ ಓಡ್ತಾ ಇರುವಾಗ ಒಳಗೆ ನೀರು ಎಲ್ಲಿಗೆ ಇಳಿದು ನಿಲ್ಲುತ್ತೋ ಅಲ್ಲಿಂದ ಲೆಕ್ಕ. ಅದರ ಮೇಲೆ ಟ್ಯಾಂಕಿನ ಎತ್ತರ ಸೇರಿಸಿ. ಡ್ರಿಪ್‌ಗೆ ನೇರ ಕೊಟ್ಟಿದ್ದರೆ ಗೇಜಿನಲ್ಲಿ ತೋರಿಸೋ ಪ್ರತಿ 1 ಕೆಜಿ ಪ್ರೆಷರ್‌ಗೆ 33 ಅಡಿ ಸೇರಿಸಿ.

ಈಗ ದಿನಕ್ಕೆ 35 ಯೂನಿಟ್ ಸಿಕ್ಕಿದರೆ ಏನಾಗುತ್ತೆ ನೋಡಿ. ಒಟ್ಟು 200 ಅಡಿ ಇದ್ದವನಿಗೆ 70 ಸಾವಿರ ಲೀಟರ್. 400 ಅಡಿಯವನಿಗೆ 35 ಸಾವಿರ. 800 ಅಡಿಯವನಿಗೆ ಹದಿನೇಳೂವರೆ ಸಾವಿರ. ಮೂವರಿಗೂ ಅದೇ ಲೈನು, ಅದೇ ಟಿಸಿ, ಅದೇ 7 ಗಂಟೆ. ಲೈನಲ್ಲಿ ಬರೋದು ಯೂನಿಟ್ಟು, ಬೆಳೆ ಕುಡಿಯೋದು ಲೀಟರ್. ನಡುವೆ ಇರೋ ಅಡಿಯ ಲೆಕ್ಕ ಯಾರೂ ಮಾಡ್ತಾ ಇಲ್ಲ.

"10 ಎಚ್‌ಪಿವರೆಗೆ ಕರೆಂಟು ಫ್ರೀ ಇದೆಯಲ್ಲ, ನಮಗ್ಯಾಕೆ ಈ ತಲೆನೋವು" ಅನ್ನೋರು ಇದ್ದಾರೆ. ಕರೆಂಟು ಫ್ರೀ, ಒಪ್ಪಿದೆ. ಬೋರು ಫ್ರೀನಾ? ಕೇಸಿಂಗ್, ಪೈಪು, ಕೇಬಲ್, ಸುಟ್ಟ ಮೋಟರ್ ಕಟ್ಟಿಸೋದು ಫ್ರೀನಾ? ವರ್ಷ ವರ್ಷ ಅಡಿ ಜಾಸ್ತಿ ಆದಂಗೆ ಆ ಫ್ರೀ ಕರೆಂಟಲ್ಲಿ ಸಿಗೋ ನೀರೂ ಕಡಿಮೆ ಆಗ್ತಾ ಹೋಗುತ್ತೆ, ನಮಗೆ ಗೊತ್ತೇ ಆಗಲ್ಲ. ದಿನಕ್ಕೆ 35 ಯೂನಿಟ್, ವರ್ಷಕ್ಕೆ 200 ದಿನ ಅಂದ್ರೆ 7000 ಯೂನಿಟ್. ಸುಮ್ನೆ 7 ರೂಪಾಯಿ ಹಿಡಿದರೂ ಒಂದು ಬೋರಿಗೆ 49 ಸಾವಿರ ಆಯ್ತು. ರಾಜ್ಯದಲ್ಲಿ 30 ಲಕ್ಷಕ್ಕೂ ಮೇಲೆ ಪಂಪ್‌ಸೆಟ್ ಇದೆ. ಈ ಹೊರೆ ಯಾವಾಗ ಯಾರ ಮೇಲೆ ತಿರುಗುತ್ತೋ ಹೇಳೋಕಾಗಲ್ಲ. ನಮ್ಮ ಲೆಕ್ಕ ನಮ್ಮ ಹತ್ತಿರ ಇದ್ದರೆ ಅವತ್ತು ಮಾತಾಡೋಕಾದರೂ ಬಾಯಿ ಇರುತ್ತೆ.

ಸೋಲಾರ್‌ಗೆ ಬರೋಣ. 5 ಎಚ್‌ಪಿ ಸೋಲಾರ್ ಪಂಪಿಗೆ ಕೊಡೋ ಪ್ಯಾನಲ್ ಹೆಚ್ಚುಕಮ್ಮಿ 4,800 ವ್ಯಾಟ್. 1000 ವ್ಯಾಟ್ ಪ್ಯಾನಲ್ ಒಳ್ಳೆ ಬಿಸಿಲಲ್ಲಿ ದಿನಕ್ಕೆ 4 ಯೂನಿಟ್ ಚಿಲ್ಲರೆ ಕೊಡುತ್ತೆ. ಒಟ್ಟು 20 ಯೂನಿಟ್ ಹತ್ತಿರ. ಅಂದ್ರೆ 400 ಅಡಿಯಿಂದ ದಿನಕ್ಕೆ 20 ಸಾವಿರ ಲೀಟರ್, ಪಂಪ್ ಹೊಸದಾದ್ದರಿಂದ ಇನ್ನೂ ಸ್ವಲ್ಪ ಜಾಸ್ತಿ ಬರಬಹುದು. ಮೋಡ ಇದ್ದರೆ ಅರ್ಧಕ್ಕೆ ಇಳಿಯುತ್ತೆ. ಲೈನ್ ಕರೆಂಟಿನ 5 ಎಚ್‌ಪಿ ಇದ್ದ ಜಾಗಕ್ಕೆ ಸೋಲಾರ್ 5 ಎಚ್‌ಪಿ ಹಾಕಿ ಅದೇ 35 ಸಾವಿರ ಬರುತ್ತೆ ಅಂದುಕೊಳ್ಳಬೇಡಿ.

ಹಾಗಂತ ಸೋಲಾರ್ ಬೇಡ ಅಂತ ನಾನು ಹೇಳ್ತಿಲ್ಲ. ಅಡಿಕೆಗೆ ಡ್ರಿಪ್‌ನಲ್ಲಿ ಗಿಡಕ್ಕೆ 20 ಲೀಟರ್, ಎಕರೆಗೆ 500 ಗಿಡ ಹಿಡಿದರೆ ದಿನಕ್ಕೆ 10 ಸಾವಿರ ಲೀಟರ್. ಎರಡು ಎಕರೆಗೆ ಆ 20 ಯೂನಿಟ್ ಸರಿಯಾಗಿ ಸಾಕು. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹಾವು ಹುಳಕ್ಕೆ ಹೆದರಿಕೊಂಡು ಸ್ಟಾರ್ಟರ್ ಹತ್ತಿರ ಹೋಗೋದು ತಪ್ಪುತ್ತೆ. ವೋಲ್ಟೇಜ್ ಬಿದ್ದು ಮೋಟರ್ ಸುಡೋ ಕಾಟನೂ ಇಲ್ಲ. ಆದರೆ ಅದೇ ಎರಡು ಎಕರೆಗೆ ಹಾಯಿ ನೀರು ಬಿಡ್ತೀನಿ ಅಂದ್ರೆ ಸಾಲಲ್ಲ. ಆಗ ಎಲ್ಲರೂ ಏಳೂವರೆ ಎಚ್‌ಪಿಗೆ ಕೈ ಹಾಕ್ತಾರೆ. ಬೋರಲ್ಲಿ ಬರೋ ನೀರೇ ಅಷ್ಟಿಲ್ಲ ಅಂದಮೇಲೆ ದೊಡ್ಡ ಪಂಪ್ ಗಾಳಿ ಎಳೆಯುತ್ತೆ ಅಷ್ಟೇ. ಮಾರೋಕೆ ಬಂದವರಿಗೆ ಒಂದು ಮಾತು ಕೇಳಿ: "ನಮ್ಮ ಬೋರಿನ ಅಡಿಗೆ ದಿನಕ್ಕೆ ಎಷ್ಟು ಲೀಟರ್ ಬರುತ್ತೆ, ಬರೆದುಕೊಡಿ." ಬರೀ ಎಚ್‌ಪಿ ಹೇಳೋರನ್ನ ಟೀ ಕುಡಿಸಿ ಕಳಿಸಿ.

ಡೀಸೆಲ್ ಲೆಕ್ಕ ಇನ್ನೂ ಸುಲಭ. ಜನರೇಟರ್‌ಗೆ 1 ಲೀಟರ್ ಹಾಕಿದರೆ ಸುಮಾರು 3 ಯೂನಿಟ್. 20 ಯೂನಿಟ್ ಬೇಕಂದ್ರೆ 7 ಲೀಟರ್. ಲೀಟರಿಗೆ 90 ಅಂತ ಹಿಡಿದರೆ ದಿನಕ್ಕೆ 630 ರೂಪಾಯಿ. ಬೆಳೆ ಕೈಗೆ ಬರೋ ಹೊತ್ತಿಗೆ ನಾಲ್ಕು ದಿನ ಉಳಿಸಿಕೊಳ್ಳೋಕೆ ಸರಿ. ಅದನ್ನೇ ನಂಬಿ ಬೇಸಾಯ ಮಾಡೋಕಾಗಲ್ಲ.

ಈಗ ನಾನು ಹೇಳಬೇಕು ಅಂದುಕೊಂಡಿದ್ದ ಮಾತು. ಈ ಮೂರಕ್ಕಿಂತ ಅಗ್ಗದ ಕರೆಂಟು ಒಂದಿದೆ, ಅಡಿ ಕಡಿಮೆ ಮಾಡೋದು. ಒಂದು ಎಕರೆ ಮೇಲೆ 1 ಇಂಚು ಮಳೆ ಬಿದ್ದರೆ 1 ಲಕ್ಷ ಲೀಟರಿಗೂ ಸ್ವಲ್ಪ ಜಾಸ್ತಿ. ಅಷ್ಟು ನೀರನ್ನ 400 ಅಡಿಯಿಂದ ಎತ್ತೋಕೆ 100 ಯೂನಿಟ್ ಬೇಕು, ಹತ್ತತ್ರ ಮೂರು ದಿನದ ಪೂರ್ತಿ ಕರೆಂಟು. ಆ ಮಳೆಯನ್ನ ಹಳ್ಳಕ್ಕೆ ಬಿಟ್ಟು, ಆಮೇಲೆ ಪಾತಾಳದಿಂದ ಎತ್ತೋಕೆ ಸಾಲ ಮಾಡ್ತೀವಿ.

ಮೇಲೆ 21 ಮೀಟರ್ ಚೌಕ, ತಳದಲ್ಲಿ 15 ಮೀಟರ್ ಚೌಕ, 3 ಮೀಟರ್ ಆಳದ ಕೃಷಿ ಹೊಂಡ ತುಂಬಿದರೆ ಸುಮಾರು 9 ಲಕ್ಷ 80 ಸಾವಿರ ಲೀಟರ್. ಹೊಂಡದಿಂದ ಡ್ರಿಪ್‌ಗೆ ಕೊಡೋಕೆ ಪ್ರೆಷರ್ ಸೇರಿ 60 ಅಡಿ ಹಿಡಿಯಿರಿ. ಆ ಪೂರ್ತಿ ನೀರಿಗೆ 147 ಯೂನಿಟ್. ಅದೇ ನೀರು 400 ಅಡಿಯಿಂದ ಬರಬೇಕಂದ್ರೆ 980 ಯೂನಿಟ್. ಎರಡು ಎಕರೆ ಅಡಿಕೆಗೆ ದಿನಕ್ಕೆ 20 ಸಾವಿರದಂತೆ 49 ದಿನದ ನೀರು. ಆವಿಯಾಗೋದು ಕಳೆದರೂ, ತಳಕ್ಕೆ ಶೀಟ್ ಹಾಕಿದ್ದರೆ ಒಂದು ತಿಂಗಳಿಗೆ ಮೋಸ ಇಲ್ಲ. ಕರೆಂಟು ಕೈಕೊಟ್ಟ ದಿನ 1 ಲೀಟರ್ ಡೀಸೆಲ್ ಸಾಕು, 7 ಲೀಟರ್ ಬೇಡ. ನಾಲ್ಕೂವರೆ ಗುಂಟೆ ಜಾಗ ಹೋಗುತ್ತೆ, ಬದು ಸೇರಿ ಇನ್ನೂ ಸ್ವಲ್ಪ. ಮಕ್ಕಳು ದನ ಬೀಳದಂಗೆ ಸುತ್ತ ತಂತಿ ಬೇಲಿ ಹಾಕಲೇಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಆದರೂ ನನಗೆ ಇದೇ ಲಾಭ ಅನ್ನಿಸುತ್ತೆ.

ಒಬ್ಬರೇ ಮಾಡಿದರೆ ಸಾಲಲ್ಲ ಅನ್ನೋದೂ ನಿಜ. ನೆಲದೊಳಗಿನ ನೀರಿಗೆ ಸರ್ವೆ ನಂಬರ್ ಇಲ್ಲ. ನಮ್ಮ ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ ತಗೊಳ್ಳಿ. ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಮೇಲಿನ ಲೆಕ್ಕದಲ್ಲೇ ಹಾಕಿದರೆ ಒಳ್ಳೆ ಬಿಸಿಲಲ್ಲಿ ದಿನಕ್ಕೆ 80 ಲಕ್ಷ ಯೂನಿಟ್ ಆಯ್ತು. ದಿನಕ್ಕೆ 35 ಯೂನಿಟ್ ತಿನ್ನೋ ನಮ್ಮಂಥ ಬೋರು ಅದರಲ್ಲಿ ಓಡೋದು ಸುಮಾರು 2 ಲಕ್ಷ 30 ಸಾವಿರ ಮಾತ್ರ. ಅಷ್ಟು ದೊಡ್ಡ ಪಾರ್ಕ್ ಹಾಕಿದರೂ ಇಷ್ಟೇ. ಅಡಿ ಏರ್ತಾ ಹೋದರೆ ಯಾವ ಬಿಸಿಲೂ ಸಾಲಲ್ಲ. ಅದಕ್ಕೆ ಗ್ರಾಮ ಸಭೆಯಲ್ಲಿ ಇನ್ನೊಂದು ಟಿಸಿ ಕೇಳೋ ಮುಂಚೆ ಕೆರೆ ಹೂಳು, ಕೆರೆಗೆ ಬರೋ ಕಾಲುವೆ ಒತ್ತುವರಿ, ಇದನ್ನ ಕೇಳೋಣ ಅಂತೀನಿ.

ಈ ವಾರ ಒಂದು ಕೆಲಸ ಮಾಡಿ. 200 ಲೀಟರಿನ ಡ್ರಮ್ ಇಟ್ಟು ಬೋರಿನ ನೀರು ಬಿಡಿ, ತುಂಬೋಕೆ ಎಷ್ಟು ಸೆಕೆಂಡ್ ಅಂತ ಮೊಬೈಲಲ್ಲಿ ನೋಡಿ. 7 ಲಕ್ಷದ 20 ಸಾವಿರವನ್ನ ಆ ಸೆಕೆಂಡಿನಿಂದ ಭಾಗಿಸಿ, ಗಂಟೆಗೆ ಎಷ್ಟು ಲೀಟರ್ ಅಂತ ಬರುತ್ತೆ. 144 ಸೆಕೆಂಡ್ ಆದರೆ 5 ಸಾವಿರ. ಮೋಟರ್ ಹಚ್ಚಿದ ತಕ್ಷಣ ಬೇಡ, ಒಂದು ಗಂಟೆ ಓಡಿದ ಮೇಲೆ ಅಳೆಯಿರಿ, ಆಗ ನಿಜ ಗೊತ್ತಾಗುತ್ತೆ. ಸ್ಟಾರ್ಟರ್ ಡಬ್ಬಿಯ ಒಳಗಡೆ ತಾರೀಖು ಹಾಕಿ ಬರೆದಿಡಿ. ಮುಂದಿನ ವರ್ಷ ಇದೇ ತಿಂಗಳು ಮತ್ತೆ ಅಳೆದು ಪಕ್ಕದಲ್ಲಿ ಬರೆಯಿರಿ. ಸೋಲಾರ್ ಅರ್ಜಿ ಹಾಕೋರು ಆ ಎರಡು ನಂಬರ್ ನೋಡಿಕೊಂಡು ಹಾಕಿ.