ಅರ್ಜಿ ಕಾಯುತ್ತೆ, ಅಮ್ಮ ಕಾಯ್ತಾಳಾ?

"ಪೌರತ್ವಕ್ಕೆ ಅರ್ಜಿ ಹಾಕಿದೀನಿ, ಈಗ ದೇಶ ಬಿಟ್ಟರೆ ಎಲ್ಲಾ ಹೋಯ್ತು." ಅಮೆರಿಕದಲ್ಲಿರುವ ಮಕ್ಕಳ ಈ ಮಾತು ಕೇಳಿ ಊರಿನ ಎಷ್ಟೋ ತಂದೆ-ತಾಯಿ ತಮ್ಮ ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಇದು ಬರೀ ಭಯ ಸ್ವಾಮಿ, ಕಾನೂನಲ್ಲ.

ಗ್ರೀನ್ ಕಾರ್ಡ್ ಇದ್ದವರು ಅರ್ಜಿ ಬಾಕಿ ಇರುವಾಗಲೂ ಹೊರದೇಶಕ್ಕೆ ಹೋಗಿಬರಬಹುದು. ಒಂದೇ ಸಲಕ್ಕೆ 6 ತಿಂಗಳು ಮೀರಿದರೆ ಅಲ್ಲಿನ ವಾಸ ಮುರಿಯಿತೇ ಎಂಬ ಪ್ರಶ್ನೆ ಏಳುತ್ತದೆ; ವರ್ಷ ತುಂಬಿದರೆ ಮುರಿದಂತೆಯೇ. 15 ದಿನ ಬಂದು ತಿಥಿ ಮುಗಿಸಿ ಹೋಗಲು ಯಾರ ಅಡ್ಡಿ? ಸಂದರ್ಶನದ ದಿನ ಮಾತ್ರ ಹೇಳದೆ ಕೇಳದೆ ತಪ್ಪಿಸಬಾರದು, ಮುಂದೂಡಿ ಎಂದು ಮೊದಲೇ ಬರೆದು ಕೇಳಬೇಕು.

ನಿಜವಾದ ತೊಡಕು ಪ್ರಮಾಣವಚನ ಆದ ಮೇಲಿನದು. ಅಲ್ಲಿ ಗ್ರೀನ್ ಕಾರ್ಡ್ ವಾಪಸ್ ಕೊಡಬೇಕು. ನಮ್ಮ 1955ರ ಪೌರತ್ವ ಕಾಯ್ದೆಯಂತೆ ಭಾರತದ ಪಾಸ್‌ಪೋರ್ಟೂ ಅಲ್ಲಿಗೆ ಮುಗಿಯಿತು. ಹೊಸ ಪಾಸ್‌ಪೋರ್ಟ್ ಬೇಕು, ಹುಟ್ಟಿದೂರಿಗೆ ಬರಲು ವೀಸಾ ಬೇಕು. ಅಷ್ಟರಲ್ಲಿ ಇಲ್ಲಿ ಮಣ್ಣು ಮುಗಿದಿರುತ್ತದೆ, "ಮಗ ಬರಲೇ ಇಲ್ಲ" ಎಂಬ ಮಾತು ಬೀದಿಯಲ್ಲಿ ಉಳಿಯುತ್ತದೆ.

ತುರ್ತು ವೀಸಾ ಎಂಬುದುಂಟು. ಸಾವಿನ ಮನೆಗೆ ಹೊರಟವರಿಗೆ ಅದು ಭಾನುವಾರವಾದರೂ ಅದೇ ದಿನ ಸಿಗುವಂತಾಗಬೇಕು. ನಮ್ಮ ಸಂಸದರು ದಿಲ್ಲಿಯಲ್ಲಿ ಬಾಯಿಬಿಡಲಿ.

ಅಪ್ಪ-ಅಮ್ಮಂದಿರೇ, ನೀವೂ ಹುಷಾರಿಲ್ಲ ಅಂತ ಇವತ್ತೇ ಫೋನ್ ಮಾಡಿ. ಬರೋದು ಬಿಡೋದು ಮಕ್ಕಳು ತೀರ್ಮಾನ ಮಾಡ್ಲಿ.