ನಲ್ಲಿ ಬಂತು, ಕೊಳವೆ ಜೋಡಣೆಯ ಜಾತಕ ಎಲ್ಲಿ?

ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2025ರ ಫೆಬ್ರುವರಿ 1ರಂದು ಮಂಡಿಸಿದ ಮುಂಗಡಪತ್ರದಲ್ಲಿ ಜಲಜೀವನ್ ಮಿಷನ್ ಅವಧಿಯನ್ನು 2028ರವರೆಗೆ ವಿಸ್ತರಿಸುವುದಾಗಿ ಪ್ರಕಟಿಸಿದರು. 2019ರಲ್ಲಿ ಘೋಷಣೆಯಾದ ಈ ಯೋಜನೆ 2024ಕ್ಕೇ ಗುರಿ ಮುಟ್ಟಬೇಕಿತ್ತು. ಅವಧಿ ವಿಸ್ತರಣೆಯ ಸುದ್ದಿ ಎಲ್ಲೆಡೆ ಪ್ರಕಟವಾಯಿತು. ಆದರೆ ಅದೇ ಭಾಷಣದಲ್ಲಿದ್ದ ಇನ್ನೊಂದು ಮಾತು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಇನ್ನು ಮುಂದೆ ಗ್ರಾಮೀಣ ನೀರು ಪೂರೈಕೆಯ ಮೂಲಸೌಕರ್ಯದ ಗುಣಮಟ್ಟಕ್ಕೆ ಮತ್ತು ಅದರ ನಿರ್ವಹಣೆಗೆ ಒತ್ತು ನೀಡಲಾಗುವುದು ಎಂಬುದೇ ಆ ಮಾತು.

ಗುಣಮಟ್ಟವೆಂದರೆ ಏನು? ಜೇವರ್ಗಿ ಸೀಮೆಯ ಇಜೇರಿಯಂಥ ಊರಿನಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ ಉತ್ತರ ಹುಡುಕಬೇಕಾದದ್ದು ಮನೆಯಂಗಳದ ನಲ್ಲಿಯಲ್ಲಲ್ಲ. ಪಂಪ್‌ಹೌಸಿನೊಳಗೆ, ವಾಲ್ವ್ ಗುಂಡಿಯ ತಳದಲ್ಲಿ, ಮೇಲ್ತೊಟ್ಟಿಯ ಕಾಲ ಬಳಿ ಕೊಳವೆಗೆ ಕೊಳವೆ ಕೂಡುವ ಜಾಗದಲ್ಲಿ. ಅಲ್ಲಿ ಎರಡು ಉಕ್ಕಿನ ಬಳೆಗಳು ಎದುರುಬದುರಾಗಿ ಕೂತು, ನಡುವೆ ರಬ್ಬರಿನ ಪ್ಯಾಕಿಂಗ್ ಹಿಡಿದು, ಸುತ್ತಲೂ ಬೋಲ್ಟುಗಳಿಂದ ಬಿಗಿದುಕೊಂಡಿರುತ್ತವೆ. ಇವೇ ಫ್ಲ್ಯಾಂಜುಗಳು.

ನೆಲದಡಿಯ ಉದ್ದನೆಯ ಕೊಳವೆಯಲ್ಲಿ ಇವುಗಳ ಬಳಕೆ ಕಡಿಮೆ. ಕಾರಣ ಸರಳ: ಫ್ಲ್ಯಾಂಜ್ ಜೋಡಣೆ ಬಾಗದು. ಈ ಭಾಗದ ಎರೆಭೂಮಿಯೋ ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಾಯ್ಬಿಡುವ ಮಣ್ಣು. ಅಂಥ ನೆಲದಲ್ಲಿ ಒಂದರ ಬಾಯೊಳಗೆ ಇನ್ನೊಂದನ್ನು ತೂರಿಸುವ, ತುಸು ಅಲುಗಾಡಲು ಎಡೆಯಿರುವ ಜೋಡಣೆಯೇ ಲೇಸು. ಬಿಚ್ಚಿ ಮತ್ತೆ ಕೂಡಿಸಬೇಕಾದ ಕಡೆ ಮಾತ್ರ ಫ್ಲ್ಯಾಂಜ್ ಬೇಕು. ಸಂಖ್ಯೆ ಕಡಿಮೆ, ಆದರೆ ಅವು ಇರುವ ಜಾಗಗಳೆಲ್ಲ ಆಯಕಟ್ಟಿನವು. ಪಂಪಿನ ಬಾಯಲ್ಲಿರುವ ಒಂದು ಫ್ಲ್ಯಾಂಜ್ ಸೀಳಿದರೆ ಇಡೀ ಊರಿನ ನೀರು ನಿಲ್ಲುತ್ತದೆ.

ಫ್ಲ್ಯಾಂಜಿನ ವಿಷಯದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಟೆಂಡರು ಕಾಗದದಲ್ಲೂ ಇವೆರಡು ಕಲಸಿಹೋಗುವುದುಂಟು. ಮೊದಲನೆಯದು ಅಳತೆ, ಎರಡನೆಯದು ಲೋಹ.

ಅಳತೆಯ ಗೊಂದಲವನ್ನು ನೀರಗಂಟಿಗಳೂ ಫಿಟ್ಟರುಗಳೂ ಚೆನ್ನಾಗಿ ಬಲ್ಲರು. 100 ಮಿಲಿಮೀಟರ್ ಕೊಳವೆಯ ಫ್ಲ್ಯಾಂಜನ್ನೇ ನೋಡಬಹುದು. ಹಳೆಯ ಬ್ರಿಟಿಷ್ ‘ಟೇಬಲ್ ಡಿ’ ಪ್ರಕಾರ ಬೋಲ್ಟಿನ ತೂತು ನಾಲ್ಕು, ಅವು ಕೂರುವ ವೃತ್ತದ ವ್ಯಾಸ 178 ಮಿ.ಮೀ. ‘ಟೇಬಲ್ ಇ’ ಎಂದರೆ ಅದೇ ವೃತ್ತದಲ್ಲಿ ಎಂಟು ತೂತು. ‘ಪಿಎನ್ 16’ ಎಂದರೆ ಎಂಟು ತೂತು, ವೃತ್ತ 180 ಮಿ.ಮೀ. ಅಮೆರಿಕದ ‘ಕ್ಲಾಸ್ 150’ರಲ್ಲೂ ಎಂಟೇ, ಆದರೆ ವೃತ್ತ 190.5 ಮಿ.ಮೀ. ಪಂಪು ಒಂದು ಬಗೆಯದು, ವಾಲ್ವು ಇನ್ನೊಂದು ಬಗೆಯದು ಬಂತೆಂದರೆ ತೂತುಗಳು ಎದುರಾಗವು. ಆಗ ಗ್ಯಾಸ್ ಕಟ್ಟರ್ ಹೊರಬರುತ್ತದೆ, ತೂತು ಅಗಲವಾಗುತ್ತದೆ, ಬೋಲ್ಟ್ ಹೇಗೋ ತೂರುತ್ತದೆ. ಕೆಲಸ ಮುಗಿಯಿತು ಎನಿಸುತ್ತದೆ. 1904ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿದ್ದಾಗ ನೆರೆಯೂರುಗಳಿಂದ ಧಾವಿಸಿ ಬಂದ ಅಗ್ನಿಶಾಮಕ ದಳಗಳ ಕೊಳವೆಗಳು ಅಲ್ಲಿನ ನೀರಿನ ಕಂಬಗಳಿಗೆ ಕೂಡಲೇ ಇಲ್ಲ. ಏಕರೂಪದ ಅಳತೆಯ ಅಗತ್ಯವನ್ನು ಆ ದೇಶಕ್ಕೆ ಮನಗಾಣಿಸಿದ ಘಟನೆಗಳಲ್ಲಿ ಅದೂ ಒಂದು.

ಆದರೂ ಅಳತೆಯ ದೋಷ ಕಣ್ಣಿಗೆ ಬೀಳುತ್ತದೆ. ಲೋಹದ ದೋಷ ಬೀಳದು. ನಿಜವಾದ ಅಪಾಯವಿರುವುದು ಇಲ್ಲಿ.

ಉಕ್ಕಿನ ಫ್ಲ್ಯಾಂಜಿನ ಆಕಾರ, ಅಳತೆಗಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 6392. ಉಕ್ಕಿನ ತಗಡು ಕತ್ತರಿಸಿ ಮಾಡುವ ಫ್ಲ್ಯಾಂಜಿಗೆ ಸಾಮಾನ್ಯವಾಗಿ ಹೆಸರಿಸುವ ಲೋಹದ ಮಾನಕ ಐಎಸ್ 2062. ಅದರ ಇ250 ದರ್ಜೆಯಲ್ಲಿ ಉಕ್ಕು ಶಾಶ್ವತವಾಗಿ ಬಾಗುವ ಮುನ್ನ ಚದರ ಮಿಲಿಮೀಟರಿಗೆ ಕನಿಷ್ಠ 250 ನ್ಯೂಟನ್ ಎಳೆತ ತಾಳಬೇಕು. ಕಾಯಿಸಿ ಬಡಿದು ರೂಪಿಸಿದ ಫ್ಲ್ಯಾಂಜಿಗೆ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವುದು ಅಮೆರಿಕದ ಎಎಸ್‌ಟಿಎಂ ಎ105. ಅದರಲ್ಲಿ ಇಂಗಾಲ ಶೇ 0.35, ರಂಜಕ ಶೇ 0.035, ಗಂಧಕ ಶೇ 0.040 ಮೀರುವಂತಿಲ್ಲ. ಗುಜರಿಯಿಂದ ಕರಗಿಸಿ, ಯಾವ ಪರೀಕ್ಷೆಯೂ ಇಲ್ಲದೆ ಉರುಳಿಸಿದ ತಗಡಿನಲ್ಲಿ ಈ ಅಂಶಗಳು ಎಷ್ಟಿವೆ ಎಂಬುದನ್ನು ಮಾರುವವನೂ ಅರಿಯ. ರಂಜಕ ಹೆಚ್ಚಿದ ಉಕ್ಕು ಪೆಡಸಾಗುತ್ತದೆ. ಇಂಗಾಲ ಹೆಚ್ಚಿದ್ದರೆ ವೆಲ್ಡಿಂಗ್ ಮಗ್ಗುಲಲ್ಲಿ ಬಿರುಕು ಮೂಡುತ್ತದೆ. ಬಣ್ಣ ಬಳಿದ ಮೇಲೆ ಎಲ್ಲವೂ ಒಂದೇ ನೀಲಿ.

ಹಳ್ಳಿಯ ನೀರಿನ ಯೋಜನೆಗಳಲ್ಲಿ ಇನ್ನೊಂದು ಎಡವಟ್ಟೂ ಇದೆ. ವಾಲ್ವುಗಳು ಬಹುಪಾಲು ಬೀಡುಕಬ್ಬಿಣದವು. ಅವುಗಳ ಫ್ಲ್ಯಾಂಜಿನ ಮುಖ ಚಪ್ಪಟೆ. ಅದಕ್ಕೆದುರಾಗಿ ನಡುಭಾಗ ಉಬ್ಬಿದ ಮುಖದ ಉಕ್ಕಿನ ಫ್ಲ್ಯಾಂಜನ್ನು ಇಟ್ಟು ಬೋಲ್ಟ್ ಬಿಗಿದರೆ, ಒತ್ತಡವೆಲ್ಲ ನಡುವೆ ಬಿದ್ದು ಬೀಡಿನ ಅಂಚು ಬಾಗಲಾರದೆ ಸೀಳುತ್ತದೆ. ಉಕ್ಕು ಬಾಗಬಲ್ಲದು, ಬೀಡು ಬಾಗದು. ಎರಡೂ ಮಾನಕಕ್ಕೆ ತಕ್ಕ ಮಾಲೇ ಆಗಿದ್ದರೂ ಜೋಡಿ ತಪ್ಪಾದರೆ ಫಲಿತಾಂಶ ಇದೇ. ಇಂಥಲ್ಲಿ ಉಕ್ಕಿನದೂ ಚಪ್ಪಟೆ ಮುಖದ್ದೇ ಇರಬೇಕು, ಪ್ಯಾಕಿಂಗ್ ಬೋಲ್ಟಿನ ಆಚೆಗೂ ಪೂರ್ಣ ಹರಡಿರಬೇಕು. ದುಬಾರಿ ಸಂಗತಿಯೇನಲ್ಲ, ಖರೀದಿ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು.

ನೀರಿನ ಮಾತು ಇಷ್ಟಾದರೆ ಆವಿಯ ಮಾತು ಇನ್ನೂ ಕಠಿಣ. ಆಳಂದ ತಾಲೂಕಿನ ಭೂಸನೂರು, ಅಫಜಲಪುರ ತಾಲೂಕಿನ ಹವಳಗಾ ಮೊದಲಾದೆಡೆ ಸಕ್ಕರೆ ಕಾರ್ಖಾನೆಗಳಿವೆ. ಸಕ್ಕರೆ ಉದ್ಯಮದಲ್ಲಿ ಕೊಳವೆಯೊಳಗಿನ ಬಿಸಿಯೇ ಲೋಹವನ್ನು ನಿರ್ಧರಿಸುತ್ತದೆ. ಎ105 ಉಕ್ಕಿನ ‘ಕ್ಲಾಸ್ 150’ ಫ್ಲ್ಯಾಂಜ್ ಸಾಮಾನ್ಯ ತಾಪಮಾನದಲ್ಲಿ 19.6 ಬಾರ್ ಒತ್ತಡಕ್ಕೆ ಯೋಗ್ಯ. 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದೇ ಫ್ಲ್ಯಾಂಜಿನ ಮಿತಿ 10.2 ಬಾರ್. ಸುಮಾರು 425 ಡಿಗ್ರಿ ದಾಟಿದ ಬಿಸಿಯಲ್ಲಿ ದೀರ್ಘಕಾಲವಿದ್ದರೆ ಅದರೊಳಗಿನ ಇಂಗಾಲ ಗ್ರಾಫೈಟ್ ಆಗಿ ಬೇರ್ಪಟ್ಟು ಉಕ್ಕು ದುರ್ಬಲವಾಗುವ ಭಯವಿದೆ. ವಿದ್ಯುತ್ತನ್ನೂ ಉತ್ಪಾದಿಸುವ ಅಧಿಕ ಒತ್ತಡದ ಬಾಯ್ಲರುಗಳ ಆವಿ ಇದಕ್ಕಿಂತ ಬಿಸಿ. ಅಲ್ಲಿಗೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು ಬೇಕು. ಆದರೆ ಕಾರ್ಖಾನೆಗೆ ಬಾಯ್ಲರ್ ಇಲಾಖೆಯ ತಪಾಸಣೆಯುಂಟು, ತನ್ನದೇ ಎಂಜಿನಿಯರುಗಳುಂಟು. ಗ್ರಾಮ ಪಂಚಾಯಿತಿಗೆ ಯಾರಿದ್ದಾರೆ?

ಪಂಚಾಯಿತಿ ಕಾಮಗಾರಿಯ ಅಳತೆ ಪುಸ್ತಕದಲ್ಲಿ ಕೊಳವೆಯ ಉದ್ದ, ವ್ಯಾಸ, ವಾಲ್ವಿನ ಸಂಖ್ಯೆ, ಕಿಲೋ ಲೆಕ್ಕದ ತೂಕ ಎಲ್ಲವೂ ದಾಖಲಾಗುತ್ತವೆ. ಲೋಹವನ್ನು ಟೇಪು ಹಿಡಿದು ಅಳೆಯಲಾಗದು. ಅದರ ಗುರುತು ಇರುವುದು ಎರಡೇ ಕಡೆ: ಫ್ಲ್ಯಾಂಜಿನ ಮೈಮೇಲೆ ಕೊರೆದ ‘ಹೀಟ್ ನಂಬರ್’, ಅಂದರೆ ಆ ಉಕ್ಕು ಯಾವ ಕುಲುಮೆಯ ಯಾವ ಸರದಿಯದು ಎಂಬ ಸಂಖ್ಯೆ, ಮತ್ತು ಅದೇ ಸಂಖ್ಯೆಯನ್ನು ನಮೂದಿಸಿ ತಯಾರಕರು ನೀಡುವ ಪರೀಕ್ಷಾ ಪ್ರಮಾಣಪತ್ರ. ಇಲ್ಲೂ ಒಂದು ಸೂಕ್ಷ್ಮವಿದೆ. ಯುರೋಪಿನ ಮಾನಕದಲ್ಲಿ ‘3.1’ ಎಂಬ ಪತ್ರ ಸರಬರಾಜಾದ ಮಾಲಿನದೇ ಪರೀಕ್ಷೆಯ ಫಲಿತಾಂಶ ಹೇಳುತ್ತದೆ; ‘2.2’ ಎಂಬುದು ಹಾಗಲ್ಲ, ಬೇರೆ ಮಾಲಿನ ಪರೀಕ್ಷೆಯನ್ನು ಆಧರಿಸಿಯೂ ಅದನ್ನು ಕೊಡಬಹುದು. ಎರಡಕ್ಕೂ ಮೊಹರು, ಸಹಿ ಇರುತ್ತವೆ. ಅನುಮಾನ ಬಂದಾಗ ತರಿಸುವ ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರವೂ ಉಕ್ಕಿನ ಇಂಗಾಲವನ್ನು ಅಳೆಯಲಾರದು. ಅದಕ್ಕೆ ಕಿಡಿ ಹೊಮ್ಮಿಸಿ ಬೆಳಕು ವಿಶ್ಲೇಷಿಸುವ ಯಂತ್ರ ಅಥವಾ ಪ್ರಯೋಗಾಲಯವೇ ಬೇಕು.

ಭಾರತದಲ್ಲಿ ಒಳ್ಳೆಯ ಫ್ಲ್ಯಾಂಜ್ ತಯಾರಾಗುವುದಿಲ್ಲ ಎಂದೇನಲ್ಲ. ಇಲ್ಲಿಂದ ಹೋಗುವ ಇಂಗಾಲ ಉಕ್ಕಿನ ಫ್ಲ್ಯಾಂಜುಗಳ ಪೈಪೋಟಿ ತಡೆಯಲಾರದೆ ಅಮೆರಿಕ 2017ರಲ್ಲೂ, ಸ್ಟೇನ್‌ಲೆಸ್ ಉಕ್ಕಿನವುಗಳ ಮೇಲೆ 2018ರಲ್ಲೂ ಸುಂಕದ ಬೇಲಿ ಹಾಕಿತು. ವಿದೇಶದ ಗ್ರಾಹಕ ಪ್ರಮಾಣಪತ್ರವಿಲ್ಲದೆ ಮಾಲು ಇಳಿಸಿಕೊಳ್ಳುವುದಿಲ್ಲ. ಊರಿನ ಗ್ರಾಹಕ ಕೇಳುವುದಿಲ್ಲ, ವ್ಯತ್ಯಾಸ ಇಷ್ಟೇ.

ಇದರಲ್ಲಿ ಪಣಕ್ಕಿರುವುದು ಉಕ್ಕಿನ ಬೆಲೆ ಮಾತ್ರವಲ್ಲ. ದಿನಕ್ಕೆ ಕೆಲವೇ ತಾಸು ನೀರು ಹರಿಯುವ ಕೊಳವೆಯಲ್ಲಿ, ಹರಿವು ನಿಂತಾಗ ಒಳಗಿನ ಒತ್ತಡ ತಗ್ಗುತ್ತದೆ. ಸೋರುವ ಜೋಡಣೆ ಆಗ ಹೊರಗಿನ ನೀರನ್ನು ಒಳಗೆಳೆದುಕೊಳ್ಳುತ್ತದೆ. ವಾಲ್ವ್ ಗುಂಡಿಯಲ್ಲಿ ನಿಂತಿರುವುದು ಎಂಥ ನೀರೆಂಬುದು ಎಲ್ಲರಿಗೂ ತಿಳಿದದ್ದೇ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಜೀವಗಳನ್ನು ಬಲಿ ಪಡೆಯಿತು. ಅದನ್ನು ಫ್ಲ್ಯಾಂಜಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆದರೆ ಶುದ್ಧೀಕರಿಸಿದ ನೀರೂ ಮನೆ ಮುಟ್ಟುವ ಮುನ್ನ ಕೆಡಲು ಸೋರುವ ಒಂದು ಜೋಡಣೆ ಸಾಕು.

ಜಲಜೀವನ್ ಮಿಷನ್ ಮಾರ್ಗಸೂಚಿ ಮೂರನೇ ವ್ಯಕ್ತಿಯಿಂದ ತಪಾಸಣೆಯನ್ನು ಕಡ್ಡಾಯಗೊಳಿಸಿದೆ; ಊರೊಳಗಿನ ವ್ಯವಸ್ಥೆಯ ಹೊಣೆಯನ್ನು ಗ್ರಾಮ ಪಂಚಾಯಿತಿಯ ನೀರು ಮತ್ತು ನೈರ್ಮಲ್ಯ ಸಮಿತಿಗೆ ಒಪ್ಪಿಸುತ್ತದೆ. ಹಸ್ತಾಂತರದ ದಿನ ಸಮಿತಿಗೆ ಕೀಲಿಕೈ, ನಕ್ಷೆ ಸಿಕ್ಕರೆ ಸಾಲದು. ಪ್ರತಿ ವಾಲ್ವ್ ಗುಂಡಿಯ ಫ್ಲ್ಯಾಂಜ್, ಬೋಲ್ಟ್, ಪ್ಯಾಕಿಂಗ್ ಯಾವ ಮಾನಕದ್ದು, ಹೀಟ್ ನಂಬರ್ ಯಾವುದು ಎಂಬ ಪಟ್ಟಿ, ಜತೆಗೆ ಪ್ರಮಾಣಪತ್ರಗಳ ನಕಲು ಪಂಚಾಯಿತಿ ಕಡತಕ್ಕೆ ಸೇರಬೇಕು. ಪಟ್ಟಿ ಬರುವ ತನಕ ಕೊನೆಯ ಬಿಲ್ಲು ತಡೆಹಿಡಿಯುವ ಷರತ್ತನ್ನು ಟೆಂಡರಿನಲ್ಲೇ ಹಾಕಲು ಯಾವ ಅಡ್ಡಿಯೂ ಇಲ್ಲ. ಈಗಾಗಲೇ ಮುಗಿದ ಕಾಮಗಾರಿಗಳಲ್ಲಿ ದಾರಿ ಒಂದೇ: ದುರಸ್ತಿಗೆಂದು ಗುಂಡಿ ತೆರೆದಾಗ ಫ್ಲ್ಯಾಂಜಿನ ಅಂಚನ್ನು ತಂತಿ ಬ್ರಷ್‌ನಿಂದ ಉಜ್ಜಿ, ಸಂಖ್ಯೆ ಕಂಡರೆ ಬರೆದುಕೊಂಡು, ಕಾಣದಿದ್ದರೆ ಕಾಣಲಿಲ್ಲವೆಂದೇ ಬರೆದು, ಆಮೇಲೆ ಬಣ್ಣ ಬಳಿಯುವುದು.