ಅಜ್ಜಿ ಅಂದ ‘ಪಾಪ’

ಮಕ್ಕಳೇ, ಪೆರು ದೇಶದ ಕುಸ್ಕೊ ಊರಿಗೆ ಒಬ್ಬನೇ ಹೋಗುತ್ತೇನೆ ಎಂದಾಗ ಹಿರೀಸಾವೆಯ ನಮ್ಮ ಮನೆಯಲ್ಲಿ ಎಲ್ಲರೂ ಬೇಡ ಅಂದರು. ಎಪ್ಪತ್ತು ದಾಟಿದವನ ಮಾತು ಯಾರು ಕೇಳುತ್ತಾರೆ? ನಾನೂ ಅವರ ಮಾತು ಕೇಳಲಿಲ್ಲ, ಹೊರಟೆ.

ಕುಸ್ಕೊ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯೇ 1,930. ಗಾಳಿ ಸಾಲದೆ ಏದುಸಿರು. ಸ್ಯಾನ್ ಪೆಡ್ರೊ ಮಾರುಕಟ್ಟೆಯಲ್ಲಿ ತಲೆ ಸುತ್ತಿ, ಕಂಡ ಮೂಟೆಯ ಮೇಲೆ ಕೂತುಬಿಟ್ಟೆ. ಇಲ್ಲೇ ಏನಾದರೂ ಆದರೆ ಯಾರಿದ್ದಾರೆ ಎಂದು ಹೆದರಿಕೆಯಾಯಿತು. ಅಷ್ಟರಲ್ಲಿ ಅಂಗಡಿಯ ಅಜ್ಜಿ, “ಪಾಪ! ಪಾಪ!” ಎಂದು ಓಡಿಬಂದರು. ಎಷ್ಟು ಕರುಣೆ, ಅದೂ ಕನ್ನಡದಲ್ಲಿ!

ಆಮೇಲೆ ತಿಳಿಯಿತು. ಅಲ್ಲಿಯ ಕೆಚುವಾ ಭಾಷೆಯಲ್ಲಿ ‘ಪಾಪ’ ಎಂದರೆ ಆಲೂಗೆಡ್ಡೆ. ನಾನು ಕೂತದ್ದು ಅವರ ಆಲೂಗೆಡ್ಡೆ ಮೂಟೆಯ ಮೇಲೆ! ನನ್ನ ಮುಖ ನೋಡಿದ್ದೇ ಅಜ್ಜಿ ಬೈಯುವುದು ಬಿಟ್ಟು, ಪುದೀನದ ಜಾತಿಯ ‘ಮುನ್ಯ’ ಸೊಪ್ಪಿನ ಕಷಾಯ ಕುಡಿಸಿದರು.

ನಮ್ಮ ಹಾಸನದ ಆಲೂಗೆಡ್ಡೆಯ ತವರು ಆ ಬೆಟ್ಟಗಳೇ. ಕೆಂಪು, ನೇರಳೆ, ಕಪ್ಪು, ಎಷ್ಟೊಂದು ಬಗೆ! ಒಂದು ಬುಟ್ಟಿಯಲ್ಲಿ ಕಲ್ಲಿನಂಥವು ಇದ್ದವು. ಏನೆಂದು ಕೈಸನ್ನೆಯಲ್ಲಿ ಕೇಳಿದೆ. ಅಜ್ಜಿ ಗಡಗಡ ನಡುಗಿ ತೋರಿಸಿದರು, ನೆಲ ತುಳಿದರು, ಸೂರ್ಯನತ್ತ ಬೆರಳು ಮಾಡಿದರು. ರಾತ್ರಿಯ ಚಳಿಯಲ್ಲಿ ಹೆಪ್ಪುಗಟ್ಟಿಸಿ, ತುಳಿದು ನೀರು ತೆಗೆದು, ಒಣಗಿಸಿದ ಆಲೂಗೆಡ್ಡೆ. ಹೆಸರು ಚುನ್ಯೊ. ನಮ್ಮ ಸಂಡಿಗೆಯ ಹಾಗೆ ಬಹುಕಾಲ ಕೆಡದು.

ಕಷಾಯಕ್ಕೆ ದುಡ್ಡು ಮುಟ್ಟಲಿಲ್ಲ. ಸೊಸೆ ಕಟ್ಟಿಕೊಟ್ಟಿದ್ದ ಕೊಬ್ಬರಿ ಮಿಠಾಯಿ ಕೊಟ್ಟೆ. ಅರ್ಧ ತಿಂದು, ಉಳಿದರ್ಧ ಶಾಲಿನ ತುದಿಗೆ ಗಂಟು ಹಾಕಿಕೊಂಡರು. ಯಾರಿಗೆ ಎಂದೆ. ನೆಲದಿಂದ ಎರಡಡಿ ಎತ್ತರಕ್ಕೆ ಕೈ ಹಿಡಿದು ನಕ್ಕರು.